ಹೊಳೆ ಕಡೆ ಹಾಡದ ಪೆಟ್ಟಿಗೆ

ಗೋವಿನಕೋವಿಯ ಶಾಲೆ ಮೈದಾನದಲ್ಲಿ ಮಾರಪ್ಪ ಎರಡನೇ ಚರಣಕ್ಕೆ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಅರ್ಪಿತಾಳ ಗಿಟಾರ್ ಮೂಕವಾಯಿತು. ತಂತಿ ಹರಿದಿರಲಿಲ್ಲ. ಬೆರಳುಗಳು ಓಡುತ್ತಲೇ ಇದ್ದವು, ಪಕ್ಕದಲ್ಲಿದ್ದ ಆಂಪ್ಲಿಫೈಯರಿನ ಕೆಂಪು ದೀಪವೂ ಉರಿಯುತ್ತಿತ್ತು. ದನಿ ಮಾತ್ರ ಮೊದಲು ತೆಳ್ಳಗಾಗಿ, ಆಮೇಲೆ ಯಾರೋ ಬಾಗಿಲು ಹಾಕಿಕೊಂಡಂತೆ ಇಲ್ಲವಾಯಿತು. ಡೋಲಕ್ಕೂ ಹಾರ್ಮೋನಿಯಮ್ಮೂ ಸೇರಿ ಹಾಡನ್ನು ಹೇಗೋ ದಡ ಮುಟ್ಟಿಸಿದವು. ಕೆಳಗೆ ಕುಳಿತಿದ್ದವರಲ್ಲೊಬ್ಬ ಕೂಗಿದ: "ಅಕ್ಕಾ, ಗಿಟಾರಿಗೆ ಚಾರ್ಜ್ ಹಾಕ್ಕೊಂಡು ಬರೋದಲ್ವಾ?"

ಮೈದಾನವೆಲ್ಲ ನಕ್ಕಿತು. ಅರ್ಪಿತಾ ನಗಲಿಲ್ಲ. ಬಗ್ಗಿ ಪೆಟ್ಟಿಗೆಯ ಜಾಲರಿಗೆ ಕಿವಿ ಇಟ್ಟಳು. ಒಳಗಿನಿಂದ ಸಣ್ಣಗೆ 'ಸುಯ್' ಎಂಬ ಸದ್ದು ಬರುತ್ತಿತ್ತು. ಅಂದರೆ ಪೆಟ್ಟಿಗೆ ಪೂರ್ತಿ ಸತ್ತಿಲ್ಲ. ಕೇಬಲ್ ಬದಲಿಸಿದಳು. ಗಿಟಾರಿನ ಗುಬಟುಗಳನ್ನು ತಿರುಗಿಸಿದಳು. ಏನೂ ಆಗಲಿಲ್ಲ. ಉಳಿದ ಹಾಡುಗಳಿಗೆ ಕೋರಸ್ಸಿನ ಹೆಂಗಸರ ಪಕ್ಕ ನಿಂತು ಚಪ್ಪಾಳೆ ತಟ್ಟಿದಳು.

ನವೆಂಬರ್ ಎಂದರೆ ಹೊಸದನಿ ಬಳಗಕ್ಕೆ ಬಿಡುವಿಲ್ಲದ ತಿಂಗಳು. ಒಂದನೇ ತಾರೀಖಿನ ರಾಜ್ಯೋತ್ಸವವನ್ನು ಒಂದೊಂದು ಊರು ಒಂದೊಂದು ದಿನ, ತನಗೆ ಅನುಕೂಲವಾದಾಗ ಮಾಡಿಕೊಳ್ಳುತ್ತದೆ. ಚನ್ನಗಿರಿಯ ಈ ಬಳಗವನ್ನು ಕಟ್ಟಿದವರು ಮಾರಪ್ಪ; ಹಗಲು ಅಡಿಕೆ ಮಂಡಿಯಲ್ಲಿ ತೂಕ ನೋಡುವ ಕೆಲಸ, ಸಂಜೆ ಹಾಡು. ಹಾಡುಗಳೂ ಅವರೇ ಕಟ್ಟಿದವು. ಬಳಗಕ್ಕೆ ಗಿಟಾರ್ ತಂದವಳು ಅರ್ಪಿತಾ. ಬಿ.ಎಸ್ಸಿ. ಮುಗಿಸಿ ಊರಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದವಳು, ಸಂಬಳದಲ್ಲಿ ಉಳಿಸಿ ಹಳೆಯದೊಂದು ಗಿಟಾರ್ ಆಂಪ್ ಕೊಂಡಿದ್ದಳು. ಮಾರಪ್ಪನವರ ನಾಲೆ ನೀರಿನ ಹಾಡಿನಲ್ಲಿ ಚರಣ ಚರಣದ ನಡುವೆ ಬರುವ ಗಿಟಾರಿನ ಭಾಗ ಅವಳದೇ ರಚನೆ. ನೀರು ತೂಬು ದಾಟಿ ಗದ್ದೆಗೆ ಇಳಿಯುವ ಹಾಗೆ ಆ ಸ್ವರಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು. ಮೊದಲ ಸಲ ಕೇಳಿದಾಗ ಮಾರಪ್ಪ ಹೆಚ್ಚೇನೂ ಹೇಳಿರಲಿಲ್ಲ. "ಇರ್ಲಿ ಬಿಡು, ತೆಗೀಬ್ಯಾಡ" ಎಂದಿದ್ದರು.

ಈಗ ವಾಪಸು ಬರುವ ವ್ಯಾನಿನಲ್ಲಿ ಅವರೇ ತೆಗೆಯುವ ಮಾತಾಡಿದರು.

"ನೋಡಮ್ಮ, ನ್ಯಾಮತೀಲಿ ಹಿಂಗೇ ಆತು. ಲಾಲ್‌ಸಾಬರ ಹತ್ರ ತೋರ್ಸಿದ್ದಿ, ಏನೂ ಇಲ್ಲ ಅಂದ್ರು. ಇವತ್ತು ಮತ್ತೆ. ಈ ಪೆಟ್ಟಿಗೆ ಜಗಳೂರಿಗೆ ಹೋದ್ರೆ ಹಾಡ್ತೈತೆ, ಸೊಕ್ಕೇಲಿ ಹಾಡ್ತೈತೆ. ಹೊಳೆ ಕಡೆ ಬಂದ್ರೆ ಮೌನವ್ರತ. ಹೊನ್ನಾಳಿಗೆ ಇದು ಬ್ಯಾಡ."

"ಹೊನ್ನಾಳಿಗೆ ಇನ್ನೂ ಒಂದು ವಾರ ಐತಲ್ಲಣ್ಣ. ಸರಿ ಮಾಡ್ತೀನಿ."

"ಏನು ಸರಿ ಮಾಡ್ತಿ? ಕೆಟ್ಟಿರೋದೇನು ಅಂತ ಗೊತ್ತೈತಾ?"

ಗೊತ್ತಿರಲಿಲ್ಲ. ಹಿಂದಿನ ಸೀಟಿನಿಂದ ಕೀಬೋರ್ಡ್ ನುಡಿಸುವ ಅರ್ಫಾತ್ ತಲೆ ಹಾಕಿದ. "ಅಕ್ಕಾ, ಬೇಜಾರಾಗ್ಬ್ಯಾಡ್ರಿ. ನನ್ನ ಕೀಬೋರ್ಡ್ನಾಗೆ ಗಿಟಾರ್ ಅಂತ ಒಂದು ಬಟನ್ನೇ ಐತೆ. ಒತ್ತಿದ್ರೆ ಸಾಕು."

"ಬಟನ್ ಒತ್ತಿದ್ರೆ ಬಿರಿಯಾನಿ ವಾಸ್ನೇನೂ ಬರ್ತದಾ ನೋಡು" ಎಂದಳು ಅರ್ಪಿತಾ. ವ್ಯಾನಿನಲ್ಲಿ ಎಲ್ಲರೂ ನಕ್ಕರು, ಮಾರಪ್ಪನವರನ್ನು ಬಿಟ್ಟು.

"ತಮಾಷೆ ಆಮ್ಯಾಲೆ" ಎಂದರು ಅವರು. "ಹೊನ್ನಾಳೀಲಿ ಮೊದಲ್ನೇ ಹಾಡು ನಾಲೆದೇ. ಅದೊಂದು ಹಾಡು ನಿನಗೆ ಕೊಡ್ತೀನಿ. ಮಧ್ಯೆ ನಿಂತ್ರೆ ಅರ್ಫಾತ್ ಎತ್ಕೊಂತಾನೆ. ಆಮ್ಯಾಲೆ ಆ ಪೆಟ್ಟಿಗೆ ಈ ವ್ಯಾನ್ ಹತ್ತಂಗಿಲ್ಲ, ನೀನು ಕೋರಸ್ಸಿಗೆ ನಿಲ್ಬೇಕು. ಒಪ್ಗೆನಾ?"

ಅರ್ಪಿತಾ ಒಪ್ಪಿದಳು. ಕೋರಸ್ಸಿಗೆ ಬೇಕಾದ ಕಂಠ ತನಗಿಲ್ಲವೆಂದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಪೆಟ್ಟಿಗೆ ಇಳಿದರೆ ಅದರ ಜೊತೆ ಅವಳೂ ಇಳಿದಂತೆಯೇ.

ಮರುದಿನ ಕಾಲೇಜು ಮುಗಿಸಿಕೊಂಡು ಆಂಪನ್ನು ಆಟೋದಲ್ಲಿ ಲಾಲ್‌ಸಾಬರ ಅಂಗಡಿಗೆ ಒಯ್ದಳು. ಬಸ್ ಸ್ಟ್ಯಾಂಡಿನ ಹಿಂದೆ, ತಗಡಿನ ಮಾಡಿನ ಕೆಳಗೆ, ಮಿಕ್ಸರ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಮಸೀದಿಯ ಮೈಕು ಎಲ್ಲವೂ ಅಲ್ಲಿಗೇ ರಿಪೇರಿಗೆ ಬರುತ್ತಿದ್ದವು. ತಗಡಿನ ಕಾವಿಗೆ ಅಂಗಡಿಯೊಳಗೆ ರೊಟ್ಟಿ ಸುಡಬಹುದಿತ್ತು. ಲಾಲ್‌ಸಾಬ್ ಆಂಪಿಗೆ ಗಿಟಾರ್ ಹಚ್ಚಿ ಒಂದು ತಂತಿ ಮೀಟಿದರು. ಅಂಗಡಿಯ ಗಾಜುಗಳು ಅದುರಿದವು.

"ನೋಡು ಬೇಟಿ. ನನ್ನ ಮುಂದೆ ಇದು ಹೊಸ ಸೊಸೆ ಇದ್ದಂಗೆ. ತಲೆ ತಗ್ಗಿಸ್ಕೊಂಡು ಹೇಳಿದ್ದೆಲ್ಲ ಕೇಳ್ತೈತೆ. ನಿಮ್ಮ ಮನೆಗೆ ಬಂದ್ರೆ ಜಗಳ. ನಾನೇನು ಮಾಡ್ಲಿ?"

"ಒಳಗೆ ಎಲ್ಲಾದ್ರೂ ಬೆಸುಗೆ ಬಿಟ್ಟಿರ್ಬೋದಾ ಚಾಚಾ?"

"ಹೋದ ಸಲಾನೇ ಬಿಚ್ಚಿ ಒಂದೊಂದೂ ನೋಡಿದೀನಿ. ವೋಲ್ಟೇಜೂ ನೋಡಿದೀನಿ." ಅವರು ಕನ್ನಡಕ ಹಣೆಗೇರಿಸಿದರು. "ಜ್ವರ ಇಳಿದ ಮ್ಯಾಲೆ ಡಾಕ್ಟ್ರ ಹತ್ರ ಬಂದ್ರೆ ಡಾಕ್ಟ್ರು ಏನು ಹಿಡೀತಾರೆ? ಜ್ವರ ಇದ್ದಾಗ ಕರ್ಕಂಬಾ. ಇಲ್ಲ ಫೋನ್ ಮಾಡು."

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟುಕೊಂಡು ಕುಳಿತು ಅರ್ಪಿತಾ ಯೋಚಿಸಿದಳು. ಪ್ರಯೋಗಾಲಯದಲ್ಲಿ ಅವಳು ಮಕ್ಕಳಿಗೆ ದಿನಾ ಹೇಳುವ ಮಾತೊಂದಿತ್ತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿದದ್ದು ಇದ್ದಂತೆಯೇ ಇರಲಿ. ಹೆದರಿಕೆಯಲ್ಲಿ ತಾನೇ ಅದನ್ನು ಮರೆತಿದ್ದಳು. ನ್ಯಾಮತಿಯಲ್ಲಿ ದನಿ ಹೋದಾಗ ಕೇಬಲ್ಲು, ಸಾಕೆಟ್ಟು, ಗುಬಟು ಎಲ್ಲವನ್ನೂ ಒಟ್ಟಿಗೇ ಎಳೆದಾಡಿದ್ದಳು. ಅದರಿಂದ ಏನೂ ತಿಳಿಯಲಿಲ್ಲ. ಆದರೆ ಊರುಗಳು ಬದಲಾಗಿದ್ದವಲ್ಲ? ಜಗಳೂರಿನಲ್ಲಿ ಹಾಡಿತು, ನ್ಯಾಮತಿಯಲ್ಲಿ ಇಲ್ಲ. ಸೊಕ್ಕೆಯಲ್ಲಿ ಹಾಡಿತು, ಗೋವಿನಕೋವಿಯಲ್ಲಿ ಇಲ್ಲ. ಅದೇ ಗಿಟಾರ್, ಅದೇ ಕೇಬಲ್, ಅದೇ ಜನರೇಟರ್. ಬಳಗದವರು ಎಲ್ಲಿಗೆ ಹೋದರೂ ತಮ್ಮದೇ ಜನರೇಟರ್ ಒಯ್ಯುತ್ತಿದ್ದರು, ಹಾಗಾಗಿ ಊರಿನ ಕರೆಂಟಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಮಾರಪ್ಪ ಸಿಟ್ಟಿನಲ್ಲಿ ಅಂದದ್ದೇ ಅವಳ ಬಳಿ ಇದ್ದ ಅತ್ಯುತ್ತಮ ಮಾಹಿತಿ: ಹೊಳೆ ಕಡೆ ಬಂದರೆ ಮೌನವ್ರತ.

ಹೊಳೆ ಕಡೆ ಇದ್ದು ಜಗಳೂರು ಕಡೆ ಇಲ್ಲದ್ದು ಏನು? ಗೋವಿನಕೋವಿಯಲ್ಲಿ ವೇದಿಕೆಯ ಹಿಂದೆಯೇ ಗದ್ದೆ ಬಯಲಿತ್ತು. ಕತ್ತಲಾಗುತ್ತಿದ್ದಂತೆ ಗಿಟಾರಿನ ಮೈ ತಣ್ಣಗೆ ಒದ್ದೆಯಾದದ್ದು ನೆನಪಾಯಿತು. ಸೊಕ್ಕೆಯಲ್ಲಿ ತುಟಿ ಒಡೆದಿತ್ತು. ಲಾಲ್‌ಸಾಬರ ಅಂಗಡಿಯಲ್ಲಂತೂ ಒಲೆಯ ಬಾಯಿಯ ಹಾಗೆ ಒಣ ಹವೆ.

ತೇವ. ಜ್ವರ ತಾನಾಗಿ ಬರುವವರೆಗೆ ಕಾಯಬೇಕಾಗಿಲ್ಲ, ಬರಿಸಬಹುದು.

ಹೊನ್ನಾಳಿ ಕಾರ್ಯಕ್ರಮದ ಹಿಂದಿನ ದಿನ ಕಾಲೇಜಿಗೆ ರಜೆ ಇತ್ತು. ಬೆಳಗ್ಗೆ ಬಚ್ಚಲಿನಲ್ಲಿ ಹಂಡೆಗೆ ಉರಿ ಹಾಕಿ, ನೀರು ಕುದಿಯುವವರೆಗೆ ಕಾದು, ಆಂಪನ್ನು ತಂದು ಮೂಲೆಯ ಸ್ಟೂಲಿನ ಮೇಲೆ ಕೂರಿಸಿದಳು. ಕರೆಂಟಿನ ಸಂಪರ್ಕ ಏನೂ ಇರಲಿಲ್ಲ. ಹನಿ ಬೀಳದಂತೆ ಮೇಲೆ ತೆಳು ಪಂಚೆ ಹೊದಿಸಿ, ಬಕೆಟ್ಟುಗಳಿಗೆ ಬಿಸಿನೀರು ತುಂಬಿ ಬಾಗಿಲು ಹಾಕಿದಳು.

ಅವಳ ತಾಯಿ ಹೊನ್ನೂರಮ್ಮ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ನಿಂತಳು. "ಒಳಗೆ ಯಾರೇ?"

"ಆಂಪ್."

"ಏನು ಬಾಣಂತಿ ನೀರು ಹಾಕ್ತಿದ್ದೀಯೇನೇ ಅದಕ್ಕೆ? ಬಜೆ ತೇಯ್ದು ಕೊಡ್ಲಾ?"

"ಸ್ವಲ್ಪ ಹೊತ್ತಮ್ಮ. ಅದನ್ನ ಕೆಡಿಸ್ಬೇಕು."

"ಕೆಟ್ಟೋಗಿದ್ದನ್ನ ಕೆಡಿಸಾಕೆ ಬಿ.ಎಸ್ಸಿ. ಓದಿದ್ಯಾ?" ಹೊನ್ನೂರಮ್ಮ ಗೊಣಗುತ್ತ ಅಡುಗೆಮನೆಗೆ ಹೋದಳು. ಸ್ನಾನ ಮಾತ್ರ ಆಮೇಲೆ ಮಾಡಿದರಾಯಿತೆಂದು ಬಿಟ್ಟುಕೊಟ್ಟಳು.

ತಾಯಿಯ ಮಾತು ಚುಚ್ಚದೆ ಇರಲಿಲ್ಲ. ಹಬೆ ಒಳಗಿನ ಇನ್ನೇನನ್ನಾದರೂ ಹಾಳುಮಾಡಿದರೆ ನಾಳೆ ಆ ಒಂದು ಹಾಡೂ ಇಲ್ಲ. ಹೇಗಿದೆಯೋ ಹಾಗೇ ಹೊನ್ನಾಳಿಗೆ ಒಯ್ದು ಅದೃಷ್ಟ ನೋಡಬಹುದಿತ್ತು. ಆದರೆ ಹೊಳೆ ದಂಡೆಯ ಊರಿನಲ್ಲಿ, ನವೆಂಬರಿನ ಇಬ್ಬನಿಯಲ್ಲಿ, ಅದೃಷ್ಟ ಯಾವ ಕಡೆ ಇರುತ್ತದೆಂಬುದನ್ನು ಅವಳು ಆಗಲೇ ನೋಡಿದ್ದಳು. ತಿಂಡಿ ಮುಗಿಯುವವರೆಗೂ ಬಾಗಿಲು ತೆಗೆಯಲಿಲ್ಲ.

ಪೆಟ್ಟಿಗೆಯನ್ನು ನಡುಮನೆಗೆ ತಂದು, ಹೊರಮೈ ಒರೆಸಿ, ಮೇಲಿನ ಪಸೆ ಪೂರ್ತಿ ಆರುವವರೆಗೆ ಫ್ಯಾನಿನ ಕೆಳಗಿಟ್ಟಳು. ಆಮೇಲೆ ಸ್ವಿಚ್ ಹಾಕಿದಳು. ಕೆಂಪು ದೀಪ ಬಂತು. ತಂತಿ ಮೀಟಿದಳು.

ದನಿ ಇಲ್ಲ. ಬರೀ 'ಸುಯ್'.

"ಅಮ್ಮಾ, ಕೆಡ್ತು!" ಎಂದು ಕೂಗಿದ ಕೂಗಿಗೆ ಹೊನ್ನೂರಮ್ಮ ಸೌಟು ಹಿಡಿದು ಓಡಿ ಬಂದಳು. ಮಗಳ ಮುಖ ನೋಡಿ, ಸಂತೋಷಪಡಬೇಕೋ ಬೈಯಬೇಕೋ ತಿಳಿಯದೆ ಸೌಟಿನ ಸಮೇತ ಬಾಗಿಲಲ್ಲೇ ನಿಂತಳು.

ಅರ್ಪಿತಾ ಲಾಲ್‌ಸಾಬರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. "ಚಾಚಾ, ಜ್ವರ ಬಂದೈತೆ."

"ಶಾಭಾಷ್! ಸುಯ್ ಅಂತೈತಾ?"

"ಅಂತೈತೆ. ಗಿಟಾರ್ ದನಿ ಮಾತ್ರ ಇಲ್ಲ."

"ಅಂದ್ರೆ ಹಿಂದಿನ ಅರ್ಧ, ಸ್ಪೀಕರ್, ಎರಡೂ ಜೀವಂತ ಅದಾವೆ. ಮುಂದಿನ ಅರ್ಧ ಮಾತಾಡಿದ್ದು ಹಿಂದಿನ ಅರ್ಧಕ್ಕೆ ಕೇಳ್ತಿಲ್ಲ. ಮಧ್ಯದ ದಾರಿ ನೋಡ್ಬೇಕು. ಪೆಟ್ಟಿಗೆ ಬೆನ್ನಾಗೆ ಎರಡು ತೂತು ಅದಾವಲ್ಲ, ಸೆಂಡ್ ಅಂತ, ರಿಟರ್ನ್ ಅಂತ?"

ಇದ್ದವು. ಬೇರೆ ಉಪಕರಣ ಜೋಡಿಸುವವರಿಗೆಂದು ಇಟ್ಟ ತೂತುಗಳು. ಅವಳು ಒಂದು ದಿನವೂ ಬಳಸಿರಲಿಲ್ಲ. ಏನನ್ನೂ ಚುಚ್ಚದೆ ಇದ್ದಾಗ ರಿಟರ್ನ್ ತೂತಿನ ಒಳಗಿರುವ ಸಣ್ಣ ತಗಡಿನ ಪತ್ತಿ ತನ್ನ ಜೋಡಿಗೆ ಅಂಟಿಕೊಂಡು ದನಿಗೆ ದಾರಿ ಬಿಡುತ್ತದೆ. ಪಿನ್ ಚುಚ್ಚಿದರೆ ಪತ್ತಿ ಏಳುತ್ತದೆ, ಆ ದಾರಿ ಮುಚ್ಚುತ್ತದೆ. ಓದಿದ್ದ ವಿಷಯವೇ. ಬಳಸದ ತೂತು ಕೆಡಲು ಸಾಧ್ಯವೆಂದು ಮಾತ್ರ ಯೋಚಿಸಿರಲಿಲ್ಲ.

"ಒಂದು ಗಿಡ್ಡ ಕೇಬಲ್ ತಗೊಂಡು ಎರಡು ತೂತಿಗೂ ಸೇತುವೆ ಹಾಕು" ಎಂದರು ಲಾಲ್‌ಸಾಬ್. "ದನಿ ಬಂತು ಅಂದ್ರೆ ಆ ಪತ್ತೀದೇ ತಕರಾರು."

ಸೆಂಡಿಗೆ ಪಿನ್ ಸಲೀಸಾಗಿ ಹೋಯಿತು. ರಿಟರ್ನಿಗೆ ಅರ್ಧ ಹೋಗಿ ನಿಂತಿತು. ಒತ್ತಿದಳು. ಹೋಗಲಿಲ್ಲ.

"ಚಾಚಾ, ಪಿನ್ ಹೋಗ್ತಿಲ್ಲ. ಒಳಗೆ ಏನೋ ಐತೆ."

ಫೋನಿನ ಟಾರ್ಚ್ ಹಾಕಿ ಒಂದೇ ಕಣ್ಣಿನಿಂದ ನೋಡಿದಳು. ಕಪ್ಪು ತೂತಿನ ಆಳದಲ್ಲಿ ಕಂದು ಬಣ್ಣದ್ದೇನೋ ಕಂಡಿತು. ಸ್ವಿಚ್ ಆರಿಸಿ, ವೈರು ಕಿತ್ತು, ಹುಬ್ಬಿನ ಚಿಮಟದಿಂದ ಮೆಲ್ಲಗೆ ಎಳೆದಳು. ಬಂದದ್ದು ಹೂವಿನ ಕಡ್ಡಿ. ಸೇವಂತಿಗೆಯದು. ತುದಿಯಲ್ಲಿ ಕರಗಿಹೋದಂಥ ಒಂದು ಎಸಳು ಇನ್ನೂ ಹಳದಿಯಾಗಿತ್ತು. ಹಬೆ ಕುಡಿದು ಕಡ್ಡಿ ಮೆತ್ತಗೆ ಊದಿಕೊಂಡಿತ್ತು.

"ಏನು ಸಿಕ್ತು?" ಲಾಲ್‌ಸಾಬ್ ಕೇಳಿದರು.

"ಸೇವಂತಿಗೆ."

ಆ ಕಡೆಯಿಂದ ಅಂಗಡಿಯೇ ನಕ್ಕಂತೆ ಸದ್ದು ಬಂತು. "ಆಯುಧ ಪೂಜೆ! ಯಾ ಅಲ್ಲಾ, ನಾನು ಹೊರಗಿನ ಕುಂಕುಮ ಒರೆಸಿ ಒಳಗೆಲ್ಲ ಹುಡುಕಿದೆ, ತೂತಿನಾಗೆ ನೋಡ್ಲಿಲ್ಲ. ನನ್ನ ಅಂಗಡೀಲೂ ಪೂಜೆ ಮಾಡ್ತೀವಿ ಬೇಟಿ, ಹೂವು ಕೌಂಟರ್ ಮ್ಯಾಲೆ ಇಡ್ತೀವಿ."

ಒಣಗಿದಾಗ ಕಡ್ಡಿ ಕುಗ್ಗುತ್ತಿತ್ತು, ಪತ್ತಿ ಕೂಡಿಕೊಳ್ಳುತ್ತಿತ್ತು. ಇಬ್ಬನಿಗೆ ಊದುತ್ತಿತ್ತು, ಪತ್ತಿ ಏಳುತ್ತಿತ್ತು. ಜಗಳೂರಿನ ಹಾಡು, ನ್ಯಾಮತಿಯ ಮೌನ ಎರಡೂ ಬೆರಳುದ್ದವೂ ಇಲ್ಲದ ಆ ಕಡ್ಡಿಯಲ್ಲಿದ್ದವು. ಅರ್ಪಿತಾ ತೂತಿಗೆ ಲಾಲ್‌ಸಾಬರು ಮೊದಲೇ ಕೊಟ್ಟಿದ್ದ ಸ್ಪ್ರೇ ಹೊಡೆದು, ಪಿನ್ನನ್ನು ಒಳಗೆ ಹೊರಗೆ ಆಡಿಸಿ ಪತ್ತಿಯ ಕಿಲುಬು ತೆಗೆದಳು. ಮಧ್ಯಾಹ್ನ ಮತ್ತೊಮ್ಮೆ ಹಂಡೆ ಕಾಯಿಸಿ, ಮತ್ತೊಮ್ಮೆ ಹಬೆಗಿಟ್ಟು, ಮತ್ತೊಮ್ಮೆ ಆರಿಸಿ ಮೀಟಿದಳು. ಈ ಸಲ ದನಿ ಕೆಡಲಿಲ್ಲ.

ಹೂವು ಇಟ್ಟವರು ಯಾರೆಂಬ ಪ್ರಶ್ನೆ ಉಳಿಯಿತು. ಬಳಗದ ಆಯುಧ ಪೂಜೆ ನಡೆದದ್ದು ಮಾರಪ್ಪನವರ ಮನೆಯ ಮುಂದಿನ ಕೋಣೆಯಲ್ಲಿ, ಅವಳ ಪೆಟ್ಟಿಗೆಯೂ ಸೇರಿ ವಾದ್ಯಗಳೆಲ್ಲ ಇರುವಲ್ಲಿ. ಅರ್ಪಿತಾ ಹೋಗಿರಲಿಲ್ಲ. ಅವಳ ತಂದೆ ಇದ್ದಾಗಲೇ ಮನೆಯವರೆಲ್ಲ ಬೌದ್ಧರಾಗಿದ್ದರು. ದಸರೆಯ ದಿನಗಳಲ್ಲಿ ಅವರು ದಾವಣಗೆರೆಯ ಬುದ್ಧವಂದನೆಗೆ ಹೋಗುತ್ತಿದ್ದರು. ಮಾರಪ್ಪ ಅದನ್ನು ಎಂದೂ ಕೇಳಿರಲಿಲ್ಲ, ಅವಳೂ ಎಂದೂ ವಿವರಿಸಿರಲಿಲ್ಲ.

ಹೇಳದೆ ಬಿಡಬಹುದಿತ್ತು. ಆದರೆ ಹೇಳದಿದ್ದರೆ ಮುಂದಿನ ವರ್ಷ ಮತ್ತೊಂದು ಹೂವು.

ಹೊನ್ನಾಳಿಯಲ್ಲಿ ವೇದಿಕೆಯ ಮೇಲೆ ವಾದ್ಯ ಇಳಿಸುವಾಗ ಇನ್ನೂ ಬಿಸಿಲಿತ್ತು. ಅರ್ಪಿತಾ ಕರವಸ್ತ್ರ ಬಿಚ್ಚಿ ಕಡ್ಡಿಯನ್ನು ಮಾರಪ್ಪನವರ ಅಂಗೈ ಮೇಲಿಟ್ಟಳು. ಎಲ್ಲಿ ಸಿಕ್ಕಿತು, ಏನು ಮಾಡುತ್ತಿತ್ತು ಎಂದು ಹೇಳಿದಳು.

ಅವರು ಅದನ್ನು ಬೆರಳಿನಿಂದ ಹೊರಳಿಸಿ ನೋಡಿದರು. "ಹಾರ್ಮೋನಿಯಂಗೂ ಇಟ್ಟಿದ್ದೆ" ಎಂದರು. "ಅದಕ್ಕೇನೂ ಆಗ್ಲಿಲ್ಲಲ್ಲ?"

"ಹಾರ್ಮೋನಿಯಂಗೆ ಬೆನ್ನಾಗೆ ತೂತಿಲ್ಲಣ್ಣ."

"ಹೂವಿಟ್ರೆ ಕೆಡೋ ಸಾಮಾನು ಎಂಥದ್ದಮ್ಮ ಅದು?" ಅವರ ದನಿ ಏರಿತು. ಅರ್ಫಾತ್ ಕೀಬೋರ್ಡಿನ ಸ್ಟ್ಯಾಂಡ್ ಬಿಗಿಮಾಡುವಂತೆ ನಟಿಸುತ್ತ ಕಿವಿ ಈ ಕಡೆಗೇ ಇಟ್ಟಿದ್ದ. "ಮ್ಯಾಲೆ ಇಟ್ಟೆ, ಜಾರಿ ಜಾರಿ ಬೀಳ್ತಿತ್ತು. ಎಲ್ಲಾ ವಾದ್ಯಕ್ಕೂ ಹೂವಿತ್ತು. ನೀನು ಬರ್ಲಿಲ್ಲ ಅಂತ ನಿನ್ನ ಪೆಟ್ಟಿಗೇನ ಬರೀ ತಲೇಲಿ ಕೂರ್ಸಾಕೆ ಆಗ್ತದಾ? ನಿಲ್ಲೋ ಕಡೆ ಸಿಕ್ಕಿಸ್ದೆ."

ಜಗಳಕ್ಕೆ ಬೇಕಾದ ಉತ್ತರಗಳನ್ನೆಲ್ಲ ಅರ್ಪಿತಾ ವ್ಯಾನಿನಲ್ಲೇ ಸಿದ್ಧಮಾಡಿಕೊಂಡಿದ್ದಳು. ಈ ಮಾತಿಗೆ ಅವುಗಳಲ್ಲಿ ಒಂದೂ ಹೊಂದಲಿಲ್ಲ. "ಗೊತ್ತಾತಣ್ಣ" ಎಂದಳು.

ಮಾರಪ್ಪ ಕಡ್ಡಿಯನ್ನು ಎಸೆಯದೆ ಜೇಬಿಗೆ ಹಾಕಿಕೊಂಡರು. "ಕತೆ ಚೆನ್ನಾಗೈತೆ. ಆದ್ರೆ ಮಾತು ಮಾತೇ. ಒಂದು ಹಾಡು. ಹೊಳೆ ದಂಡೇಲಿ ಹಾಡಿ ತೋರಿಸ್ಲಿ."

ಹಾಡು ಶುರುವಾಗುವ ಹೊತ್ತಿಗೆ ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಬೆನ್ನುಗಳು ದೀಪದ ಬೆಳಕಿಗೆ ಒದ್ದೆಯಾಗಿ ಹೊಳೆಯುತ್ತಿದ್ದವು. ಪಲ್ಲವಿ ಮುಗಿಯಿತು. ಅರ್ಪಿತಾಳ ಸ್ವರಗಳು ಮೇಲಿಂದ ಕೆಳಗಿಳಿದು ಮೊದಲ ಚರಣಕ್ಕೆ ದಾರಿ ಬಿಟ್ಟವು. ಚರಣ ಮುಗಿಯಿತು. ಡೋಲಕ್ ಬಾರಿಸುವ ಜಯಪ್ಪ ಹುರುಪಿಗೆ ಬಂದು ಜೋರಾಗಿ ತಟ್ಟತೊಡಗಿದ. ವೇದಿಕೆಯ ಹಲಗೆಗಳು ಕುಣಿದವು. ಅವಳು ಎರಡನೇ ಸಲ ಮೇಲಿನ ಸ್ವರದಿಂದ ಹೊರಟಳು, ಅರ್ಧದಾರಿಯಲ್ಲಿ ದನಿ ತೆಳ್ಳಗಾಯಿತು.

ಮನೆಯಲ್ಲಿ ಹಬೆ ಇತ್ತು, ಡೋಲಕ್ ಇರಲಿಲ್ಲ. ಕಡ್ಡಿ ಹೋಗಿದ್ದರೂ ವಾರಗಟ್ಟಲೆ ಏಳುತ್ತ ಕೂಡುತ್ತ ಇದ್ದ ಪತ್ತಿಯ ಬಿಗಿ ಸಡಿಲವಾಗಿತ್ತು, ಹಲಗೆಯ ಅದುರಿಗೆ ಬಿಟ್ಟುಕೊಳ್ಳುತ್ತಿತ್ತು. ಇಷ್ಟನ್ನೂ ಅವಳು ಆಮೇಲೆ ಬಿಡಿಸಿ ಯೋಚಿಸಿದಳು. ಆಗ ಕಂಡದ್ದು, ಮಾರಪ್ಪನವರ ತಲೆ ತನ್ನ ಕಡೆ ತಿರುಗಿದ್ದು, ಅರ್ಫಾತನ ಬೆರಳು ಬಟನ್ನಿನ ಮೇಲೆ ಹೋದದ್ದು.

ಈ ಸಲ ಅವಳು ಗುಬಟು ತಿರುಗಿಸಲಿಲ್ಲ, ಕೇಬಲ್ ಎಳೆಯಲಿಲ್ಲ. ಎಡಗೈಯಿಂದ ತಂತಿಗಳನ್ನು ಒತ್ತಿ ಹಿಡಿದು, ಬಲಗೈಯಿಂದ, ಮುಂಜಾಗ್ರತೆಗೆಂದು ಜೇಬಿನಲ್ಲಿಟ್ಟಿದ್ದ ಗಿಡ್ಡ ಕೇಬಲ್ ತೆಗೆದು, ಪೆಟ್ಟಿಗೆಯ ಹಿಂದಕ್ಕೆ ಬಾಗಿ ಸೆಂಡಿಗೊಂದು, ರಿಟರ್ನಿಗೊಂದು ಪಿನ್ ಒತ್ತಿದಳು. ಪಿನ್ ಪೂರ್ತಿ ಹೋಯಿತು. ಆ ಸಡಿಲ ಪತ್ತಿಯ ಹಂಗು ತಪ್ಪಿತು. ಎದ್ದು ನಿಂತು, ಬಿಟ್ಟ ಜಾಗಕ್ಕೆ ಹೋಗದೆ, ಮೇಲಿನ ಸ್ವರದಿಂದಲೇ ಮತ್ತೆ ಹೊರಟಳು.

ದನಿ ಮೈದಾನದ ಆಚೆ ತುದಿಯವರೆಗೆ ಹೋಯಿತು. ಅರ್ಫಾತ್ ಎರಡೂ ಕೈ ಎತ್ತಿಬಿಟ್ಟ.

ಅವಳ ಭಾಗ ಮುಗಿದು ಚರಣ ಎತ್ತಿಕೊಳ್ಳುವ ತಾಳ ಬಂತು. ಮಾರಪ್ಪ ಎತ್ತಿಕೊಳ್ಳಲಿಲ್ಲ. ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಜಯಪ್ಪನಿಗೆ ನಡೆಸು ಎಂದು ಕೈಮಾಡಿ, ಅವಳ ಕಡೆ ಗದ್ದ ಎತ್ತಿದರು. ಅರ್ಪಿತಾ ಇಡೀ ಭಾಗವನ್ನು ಇನ್ನೊಮ್ಮೆ ನುಡಿಸಿದಳು. ಆಮೇಲೆಯೇ ಅವರು ಚರಣಕ್ಕೆ ಬಂದರು. ಆ ಸಂಜೆಯ ಉಳಿದ ಹಾಡುಗಳಿಗೂ ಅವಳು ಅದೇ ಜಾಗದಲ್ಲಿ ನಿಂತಿದ್ದಳು, ಯಾರೂ ಏನೂ ಕೇಳಲಿಲ್ಲ.

ಸಾಮಾನು ಏರಿಸುವಾಗ ಮಾರಪ್ಪ ಆಂಪನ್ನು ತಾವೇ ಎತ್ತಿ ವ್ಯಾನಿನ ಸೀಟಿನ ಮೇಲೆ ಕೂರಿಸಿದರು. ಹಿಂದೆ ಜೋತಾಡುತ್ತಿದ್ದ ಗಿಡ್ಡ ಕೇಬಲನ್ನು ಮುಟ್ಟಿದರು. "ಇದು ಯಾವಾಗ್ಲೂ ಹಿಂಗೇ ಇರ್ಬೇಕಾ?"

"ಲಾಲ್‌ಸಾಬ್ ಚಾಚಾ ಹೊಸ ಜ್ಯಾಕ್ ಹಾಕೋವರೆಗೂ."

"ಹಂಗಾದ್ರೆ ಸೋಮವಾರಾನೇ ಹಾಕ್ಸು." ಕೇಬಲನ್ನು ಒಳಕ್ಕೆ ಸರಿಸಿ ಕೇಳಿದರು: "ಬರೋ ವರ್ಷ ಹೂವು ಎಲ್ಲಿ ಇಡ್ಲಿ?"

"ಹಿಡಿಕೆಗೆ ಕಟ್ರಣ್ಣ. ದಾರದಾಗೆ. ನಿಮ್ಮ ಕೈಯಾರೆ."

"ಅಣ್ಣ, ನನ್ನ ಕೀಬೋರ್ಡಿಗೆ ಎಲ್ಲಿಟ್ಟಿದ್ರಿ?" ಹಿಂದಿನ ಸೀಟಿನಿಂದ ಅರ್ಫಾತ್ ಕೇಳಿದ. ಉತ್ತರಕ್ಕೂ ಕಾಯದೆ, ಫೋನಿನ ಟಾರ್ಚ್ ಹಾಕಿ, ಕೀಬೋರ್ಡನ್ನು ತೊಡೆಯ ಮೇಲೆ ಬೋರಲು ಮಾಡಿಕೊಂಡು ಒಂದೊಂದೇ ತೂತು ನೋಡತೊಡಗಿದ.